ಮಮತಾ ಮಾವ

ಅನಾನಸ್ ಬುಟ್ಟಿ ಎತ್ತುವುದಕ್ಕೂ ಎಳೆಮಗುವನ್ನು ಎತ್ತುವುದಕ್ಕೂ ಮಮತಾ ನಾಯ್ಕ ಕಂಡ ವ್ಯತ್ಯಾಸ ಒಂದೇ. ಬುಟ್ಟಿ ಚುಚ್ಚುತ್ತದೆ, ಆದರೆ ಸೀರೆ ಒದ್ದೆ ಮಾಡುವುದಿಲ್ಲ. ಉಳಿದಂತೆ ಎರಡಕ್ಕೂ ಮೊಣಕಾಲು ಬಾಗಬೇಕು, ಬೆನ್ನು ಬಾಗಬಾರದು, ಒಮ್ಮೆ ಎತ್ತಿದ ಮೇಲೆ ಅನುಮಾನ ಪಡಬಾರದು. ಬನವಾಸಿಯ ಹೊಲಗಳಲ್ಲಿ ಹಣ್ಣು ಆರಿಸಿ, ತಾನೇ ಕ್ರೇಟಿಗೆ ತುಂಬಿ, ತಾನೇ ಗೂಡ್ಸ್ ಗಾಡಿಗೆ ಏರಿಸಿ, ತಾನೇ ಸ್ಟೇರಿಂಗ್ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಡಿಗಳಿಗೆ ಮುಟ್ಟಿಸುವ ಕೆಲಸವನ್ನು ಅವಳು ಇಪ್ಪತ್ತೇಳು ವರ್ಷಗಳಿಂದ ಮಾಡುತ್ತ ಬಂದಿದ್ದಾಳೆ. ಈಗ ವಯಸ್ಸು ನಲವತ್ತೊಂಬತ್ತು. ‘ಮದುವೆಯಾಗದೆ ಉಳಿದವಳು’ ಎಂದು ನೆಂಟರು ಮರುಕಪಟ್ಟಾಗಲೆಲ್ಲ ‘ಉಳಿದವಳಲ್ಲ, ಉಳಿದುಕೊಂಡವಳು’ ಎಂದು ತಿದ್ದುತ್ತಾಳೆ.

ಮಮತಾಗೆ ಅಣ್ಣತಮ್ಮಂದಿರಿಲ್ಲ. ಇರುವವಳು ಒಬ್ಬಳೇ ಅಕ್ಕ, ಲಕ್ಷ್ಮೀ. ಲಕ್ಷ್ಮೀಯ ಗಂಡ ಬೈರ ನಾಯ್ಕ ಇಡಗುಂದಿಯ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್. ಕರಡಿ ಎದುರು ಬಂದರೆ ದಾರಿ ಬಿಟ್ಟು ನಿಂತು, ಅದು ಹೋದ ಮೇಲೆ ಬೀಡಿ ಹಚ್ಚುವಷ್ಟು ಧೈರ್ಯಸ್ಥ. ಮನುಷ್ಯರು ಎದುರು ಬಂದರೆ ಮಾತ್ರ ನಾಲಿಗೆ ಒಣಗುತ್ತದೆ. ಈ ದಂಪತಿಗೆ ಒಬ್ಬಳೇ ಮಗಳು, ಅನುಶ್ರೀ.

ಅನುಶ್ರೀಗೆ ಮಮತಾ ಏನಾಗಬೇಕು? ತಾಯಿಯ ತಂಗಿ ಎಂದರೆ ಚಿಕ್ಕಮ್ಮ. ಊರ ರೂಢಿಯಲ್ಲಿ ಚಿಕ್ಕಿ. ಆದರೆ ಅನುಶ್ರೀ ಮಾತು ಬಂದಂದಿನಿಂದ ಕರೆದದ್ದು ‘ಮಾವ’ ಎಂದು.

ಇದಕ್ಕೆ ಕಾರಣ ಒಂದು ಕೆಟ್ಟ ಬಸ್ಸು.

ಅನುಶ್ರೀಗೆ ಹನ್ನೊಂದು ತಿಂಗಳಾಗಿದ್ದಾಗ ಕಿವಿ ಚುಚ್ಚಿಸಬೇಕೆಂದಾಯಿತು. ಮಗು ಸೋದರಮಾವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕು. ಲಕ್ಷ್ಮೀಗೆ ಒಡಹುಟ್ಟಿದವನಿಲ್ಲವಾದ್ದರಿಂದ ದೊಡ್ಡಪ್ಪನ ಮಗ ಕಿಶೋರನಿಗೆ ಹೇಳಿ ಕಳಿಸಿದ್ದರು. ಅವನು ಹುಬ್ಬಳ್ಳಿಯಲ್ಲಿ ಫ್ಯಾನು, ಮಿಕ್ಸರ್ ರಿಪೇರಿ ಕಲಿಯುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಬರಬೇಕಾದವನು ಹನ್ನೊಂದಾದರೂ ಬರಲಿಲ್ಲ. ಅಕ್ಕಸಾಲಿ ಎರಡು ಸಲ ಚಹಾ ಕುಡಿದು, ಮೂರನೆಯ ಸಲ ಕೈಗಡಿಯಾರ ನೋಡಿದ. ಮಗು, ಸೂಜಿ ಇನ್ನೂ ಪೆಟ್ಟಿಗೆಯಲ್ಲಿರುವಾಗಲೇ ಮುಂಗಡವಾಗಿ ಅಳುತ್ತಿತ್ತು.

ಮಮತಾ ಮಗುವನ್ನು ಎತ್ತಿಕೊಂಡು ಮಣೆಯ ಮೇಲೆ ಕೂತುಬಿಟ್ಟಳು.

“ಚುಚ್ಚಿ.”

“ತಂಗೀ, ತೊಡೆ ಸೋದರಮಾವಂದೇ ಆಗ್ಬೇಕು.”

“ಹಂಗಾರೆ ಇವತ್ತಿಂದ ನಾನೇ ಮಾವ. ಚುಚ್ಚಿ ಮಾರಾಯ್ರೆ, ಕೂಸಿನ ಗಂಟಲು ಹರೀತದೆ.”

ಅಕ್ಕಸಾಲಿ ಚುಚ್ಚಿದ. ಮಧ್ಯಾಹ್ನ ಒಂದೂವರೆಗೆ ಕಿಶೋರ ಬೆವರೊರೆಸುತ್ತ ಬಂದು, ಮುಂಡಗೋಡದ ಹತ್ತಿರ ಬಸ್ಸು ಕೆಟ್ಟ ಕಥೆಯನ್ನು ಎರಡು ಸಲ ಹೇಳಿ, ಪಾಯಸ ಉಂಡು ಹೋದ. ಒಳ್ಳೆಯ ಮನುಷ್ಯನೇ. ಅವನ ಬಸ್ಸುಗಳು ಮಾತ್ರ ಸರಿ ಇರಲಿಲ್ಲ.

ಅಂದು ತಮಾಷೆಗೆ ಹೊತ್ತ ಪಟ್ಟ ಮಮತಾಳ ಹೆಗಲಿನಿಂದ ಇಳಿಯಲೇ ಇಲ್ಲ. ಇಳಿಸಿಕೊಳ್ಳಲು ಅವಳೂ ಅವಸರಪಡಲಿಲ್ಲ. ನಮ್ಮ ಕಡೆ ಸೋದರಮಾವ ಎಂದರೆ ಬರಿಯ ಸಂಬಂಧವಲ್ಲ, ಡ್ಯೂಟಿ. ಮೊದಲ ಬಳೆ ಅವನದು, ಶಾಲೆಯ ಮೊದಲ ದಿನ ಕೈಹಿಡಿದು ಕರೆದೊಯ್ಯುವುದು ಅವನು, ಹುಡುಗಿ ದೊಡ್ಡವಳಾದಾಗ ಸೀರೆ ತರುವವನು ಅವನು, ಅಪ್ಪ ಬೈದಾಗ ಅಪ್ಪನಿಗೇ ತಿರುಗಿ ಬೈಯುವ ಹಕ್ಕಿರುವ ಒಬ್ಬನೇ ಗಂಡಸೂ ಅವನೇ. ಮಮತಾ ಇವೆಲ್ಲವನ್ನೂ ಮಾಡಿದಳು. ಬೈಯುವುದನ್ನಂತೂ ಬಾಕಿ ಉಳಿಸದೆ ಮಾಡಿದಳು.

ಇಡಗುಂದಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿದ ಮೇಲೆ ಅನುಶ್ರೀ ಶಿರಸಿಗೆ, ಮಮತಾಳ ಬಾಡಿಗೆ ಮನೆಗೆ ಬಂದು, ಅಲ್ಲಿನ ಒಂದು ಕಾನ್ವೆಂಟು ಸೇರಿದಳು. ಆರನೆಯ ಇಯತ್ತೆಯಲ್ಲಿ ‘ಮೈ ಅಂಕಲ್’ ಎಂಬ ಪ್ರಬಂಧ ಬರೆಯಲು ಕೊಟ್ಟರು. ಇಂಗ್ಲಿಷಿನ ಅಂಕಲ್ ದೊಡ್ಡ ಕೊಡೆಯಂಥ ಪದ. ಅಪ್ಪನ ತಮ್ಮ, ಅಮ್ಮನ ಅಣ್ಣ, ಅತ್ತೆಯ ಗಂಡ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟವ, ಎಲ್ಲರೂ ಅದರಡಿ ನಿಲ್ಲಬಹುದು. ಮಮತಾ ಮಾತ್ರ ಹೊರಗೆ ನೆನೆಯಬೇಕಾಯಿತು. ಯಾಕೆಂದರೆ ಅನುಶ್ರೀ ಒಂದೂವರೆ ಪುಟದ ಉದ್ದಕ್ಕೂ ಅಂಕಲ್ಲನ್ನು ‘ಶಿ’ ಎಂದೇ ಬರೆದಿದ್ದಳು. ಅಂಕಲ್ ಗಾಡಿ ಓಡಿಸುತ್ತಾಳೆ, ಅಂಕಲ್ ಜಡೆ ಹೆಣೆಯುತ್ತಾಳೆ, ಅಂಕಲ್‌ಗೆ ಹಲ್ಲಿ ಕಂಡರೆ ಭಯ. ಸಿಸ್ಟರ್ ಹದಿನೇಳು ಕಡೆ ಕೆಂಪು ಗೆರೆ ಎಳೆದು, ಮನೆಯಿಂದ ಯಾರನ್ನಾದರೂ ಕರೆತರಲು ಹೇಳಿದರು.

ಮಮತಾ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಸೆರಗಿಗೆ ಅಂಟಿದ ಅನಾನಸ್ ಎಲೆ ಕೊಡವಿ ಒಳಗೆ ಹೋದಳು.

“ಇದರಲ್ಲಿ ಬರೆದಿರುವ ಅಂಕಲ್ ಎಲ್ಲಿ?” ಎಂದರು ಸಿಸ್ಟರ್.

“ನಾನೇ, ಸಿಸ್ಟರ್.”

“ನೀವು ಇವಳಿಗೆ ಏನಾಗಬೇಕು?”

“ನೀವೂ ಸಿಸ್ಟರ್, ನಾನೂ ಸಿಸ್ಟರೇ, ಇವಳ ತಾಯಿಗೆ. ಇವಳಿಗೆ ಮಾತ್ರ ಮಾವ.”

ಸಿಸ್ಟರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಹದಿನೇಳು ಕೆಂಪು ಗೆರೆಗಳು ಹಾಗೇ ಉಳಿದವು. ಆದರೆ ಪ್ರಬಂಧದ ಕೆಳಗೆ ‘ಗುಡ್’ ಎಂದು ಸೇರಿತು.

ಹೀಗೆ ಕಾಲ ಉರುಳಿ ಅನುಶ್ರೀ ಗಣಿತದ ಮೇಷ್ಟ್ರಮ್ಮನಾಗಿ ಹಾನಗಲ್ಲಿನ ಹೈಸ್ಕೂಲಿಗೆ ಹೋದಳು. ಅಲ್ಲಿ ಕಿರಣನ ಪರಿಚಯವಾಯಿತು. ಹೆಸರಿಗೆ ತಕ್ಕಂತೆ ಅವನು ಕರೆಂಟಿನವನು, ಲೈನ್‌ಮನ್. ಶಾಲೆಯ ಫ್ಯೂಸ್ ಹೋದಾಗಲೆಲ್ಲ ಬಂದ. ಹೋಗದಿದ್ದಾಗಲೂ ಬಂದ. ಎರಡೂ ಮನೆಯವರು ಒಪ್ಪಿ, ಶಿರಸಿಯ ಒಂದು ಕಲ್ಯಾಣಮಂಟಪದಲ್ಲಿ ಮದುವೆ ಗೊತ್ತಾಯಿತು.

ಮಮತಾಗೆ ಆ ಮದುವೆಯಲ್ಲಿ ಬೇಕಿದ್ದುದು ಒಂದೇ ಒಂದು. ಹುಡುಗಿಯನ್ನು ಒಳಕೋಣೆಯಿಂದ ಮಂಟಪಕ್ಕೆ, ಅವಳ ಕಾಲು ನೆಲಕ್ಕೆ ತಾಗದಂತೆ, ಸೋದರಮಾವ ಹೊತ್ತು ತರಬೇಕು. ಈಗೀಗ ಹೆಚ್ಚಿನವರು ಕೈಹಿಡಿದು ನಡೆಸಿಕೊಂಡು ಬಂದು ಕೈತೊಳೆದುಕೊಳ್ಳುತ್ತಾರೆ. ಹಾನಗಲ್ಲಿನವರು ಮಾತ್ರ ‘ಹೊತ್ತೇ ತರಬೇಕು’ ಎಂದು ಮೊದಲೇ ಹೇಳಿ ಕಳಿಸಿದ್ದರು. ಅದನ್ನು ಕೇಳಿ ಬೈರ ಚಿಂತೆಗೆ ಬಿದ್ದ, ಮಮತಾ ಒಳಗೊಳಗೇ ಕುಣಿದಳು. ಕಿವಿ ಚುಚ್ಚಿಸಿದ ತೊಡೆಯ ನಂತರ ಹೊತ್ತು ತರುವ ತೋಳಿನ ಸರದಿಯೂ ಬರಬೇಕು ಎಂದು ಅವಳು ಇಪ್ಪತ್ತೈದು ವರ್ಷ ಕಾದಿದ್ದಳು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ಬನವಾಸಿಯಲ್ಲಿ ಹಣ್ಣು ತುಂಬುವ ದುರ್ಗಿ ಮತ್ತು ಕೆರಿಯ ಗಮನಿಸಿದ್ದರು. ಒಂದು ತಿಂಗಳಿನಿಂದ ಮಮತಾ ಒಂದರ ಮೇಲೊಂದು ಮೂರು ಕ್ರೇಟ್ ಕಟ್ಟಿ, ತಬ್ಬಿ ಹಿಡಿದು, ಹೊಲದ ಅಂಚಿನಿಂದ ಗಾಡಿಯವರೆಗೆ ನಡೆಯುತ್ತಿದ್ದಳು.

“ಎಂತದೇ ಅಮ್ಮಾ ಇದು, ಮೂರು ಮೂರು?” ಎಂದು ಕೆರಿಯ ಕೇಳಿದ್ದ.

“ಅರವತ್ತೊಂದು ಕೇಜಿ,” ಎಂದಿದ್ದಳು ಮಮತಾ, ಏದುಸಿರು ಬಿಡುತ್ತ. ಯಾವುದರ ತೂಕ ಎಂದು ಹೇಳಲಿಲ್ಲ.

ತೊಡಕು ಶುರುವಾದದ್ದು ಲಗ್ನಪತ್ರಿಕೆಯಲ್ಲಿ. ‘ಸೋದರಮಾವ’ ಎಂಬಲ್ಲಿ ಮಮತಾಳ ಹೆಸರೇ ಬರಬೇಕೆಂದು ಅನುಶ್ರೀ ಹಟ ಹಿಡಿದಳು. ಮಗಳಿಗೆ ಇಲ್ಲ ಎನ್ನಲು ಬೈರನಿಗೆ ಧೈರ್ಯವಿಲ್ಲ, ಬೀಗರಿಗೆ ನಿಜ ಹೇಳಲೂ ಧೈರ್ಯವಿಲ್ಲ. ಕೊನೆಗೆ ಅವನು ಪ್ರೆಸ್ಸಿನಲ್ಲಿ ಮೆತ್ತಗೆ ಅಚ್ಚು ಹಾಕಿಸಿದ್ದು ಹೀಗೆ: ‘ಸೋದರಮಾವ: ಎಂ. ಆರ್. ನಾಯ್ಕ, ಶಿರಸಿ.’ ಮಮತಾ ರಾಮ ನಾಯ್ಕ ಅದರಲ್ಲಿ ಅಡಗಿ ಕೂತಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

“ಭಾವ, ಎಂತಕ್ಕೆ ಹಿಂಗೆ ಮಾಡಿದ್ರಿ?” ಎಂದು ಮಮತಾ ಕೇಳಿದಳು.

“ಜಾಗ ಸಾಲ್ಲಿಲ್ಲೆ, ಮಮತಾ,” ಎಂದ ಬೈರ. ಪತ್ರಿಕೆಯಲ್ಲಿ ಒಂದು ಆನೆ, ಎರಡು ನವಿಲು, ನಾಲ್ಕು ಬಾಳೆಮರಗಳಿಗೆ ಜಾಗವಿತ್ತು.

ಮದುವೆಯ ಬೆಳಿಗ್ಗೆ ಹಾನಗಲ್ಲಿನಿಂದ ಎರಡು ಟೆಂಪೋ ಬಂದು ನಿಂತವು. ಮೊದಲನೆಯದರಿಂದ ಇಳಿದದ್ದು ಕಿರಣನ ಅಜ್ಜಿ ಪಾರ್ವತವ್ವ. ಎಂಬತ್ತೊಂದು ವರ್ಷ, ಅಗಲ ಕುಂಕುಮ, ಗಟ್ಟಿ ದನಿ, ಕೆಟ್ಟ ಮೊಣಕಾಲು. ಅವಳನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದ ಕೂಡಲೇ ಅವಳ ಮುಂದೆ ಒಂದು ಹಿತ್ತಾಳೆ ತಟ್ಟೆ ಬಂತು. ಅದರಲ್ಲಿ ಜರಿಯಂಚಿನ ಪಂಚೆ, ಶಲ್ಯ, ಗುಲಾಬಿ ಬಣ್ಣದ ರುಮಾಲು.

“ಇದು ಸೋದರಮಾವನ ಮರ್ಯಾದಿ. ನಮ್ಮ ಮನಿ ಪದ್ಧತಿ,” ಎಂದಳು ಪಾರ್ವತವ್ವ. “ಎಂ. ಆರ್. ನಾಯ್ಕರು ಎಲ್ಲದಾರ? ಕರೀರಿ. ರುಮಾಲು ನನ್ನ ಕೈಲೇ ಸುತ್ತತೀನಿ.”

ಬೈರ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕರಡಿಯಾಗಿದ್ದರೆ ದಾರಿ ಬಿಡಬಹುದಿತ್ತು. ಕಿರಣನಿಗೆ ವಿಷಯ ಗೊತ್ತಿತ್ತು. ಆದರೆ ಹನ್ನೊಂದು ಸಾವಿರ ವೋಲ್ಟಿನ ತಂತಿಯಡಿ ಕೆಲಸ ಮಾಡುವವನಿಗೂ ಅಜ್ಜಿಯನ್ನು ಮುಟ್ಟಲು ಭಯ. ಬಾಸಿಂಗ ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ಮುಚ್ಚಿಕೊಂಡ. ಆಗ ಬೈರನ ಕಣ್ಣಿಗೆ ಬಿದ್ದವನು ಕಿಶೋರ. ಈ ಸಲ ಬಸ್ಸು ಸರಿಯಾಗಿತ್ತು.

“ಇವ್ರೇ... ಇವ್ರು ನಮ್ಮ ಹೆಂಡ್ತಿ ದೊಡ್ಡಪ್ಪನ ಮಗ,” ಎಂದು ಬೈರ ಅವನನ್ನು ಮುಂದೆ ನೂಕಿದ.

ಉಗ್ರಾಣದ ಬಾಗಿಲಲ್ಲಿ ತೆಂಗಿನಕಾಯಿ ಚೀಲ ಇಳಿಸುತ್ತಿದ್ದ ಮಮತಾ ಇದನ್ನು ಕಂಡಳು. ಹಸಿರು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದವಳು ಅದನ್ನು ಬಿಚ್ಚಿ ಹೆಗಲಿಗೆ ಹೊದ್ದುಕೊಂಡಳು. ಭಾರ ಹೊರುವ ಕೆಲಸ ಇನ್ನಿಲ್ಲ ಎಂಬಂತೆ. ಒಳಗೆ ಹೋಗಿ ಅಕ್ಕನಿಗೆ ಹೇಳಿದಳು:

“ಅಕ್ಕಾ, ಕಿಶೋರಣ್ಣನೇ ಹೊರಲಿ ಬಿಡು. ಮಂಗಳಕಾರ್ಯದಲ್ಲಿ ತಕರಾರು ಬೇಡ.”

ಲಕ್ಷ್ಮೀ ಹೂವಿನ ಬುಟ್ಟಿಯನ್ನು ಕೆಳಗಿಟ್ಟಳು. “ಹೌದನೇ? ಹಂಗಾರೆ ಇಪ್ಪತ್ತೈದು ವರ್ಷ ನೀ ಮಾಡಿದ್ದು ಎಂತದು? ಬದಲಿ ಡ್ಯೂಟಿಯಾ?”

ಕೋಣೆಯ ನಡುವೆ ಮಣೆಯ ಮೇಲೆ ಕೂತಿದ್ದ ಅನುಶ್ರೀ ತಲೆ ಎತ್ತಲೂ ಇಲ್ಲ. “ಮಾವ ಹೊರದೆ ನಾ ಈ ಮಣೆಯಿಂದ ಏಳೂದಿಲ್ಲೆ. ಕಾಲು ನೆಲಕ್ಕೆ ತಾಗ್ಬಾರ್ದಲ, ತಾಗ್ಸೂದೂ ಇಲ್ಲೆ. ಮುಹೂರ್ತ ಬೇಕಾದ್ರೆ ಇಲ್ಲಿಗೇ ಬರಲಿ.”

ಮಮತಾ ಆ ಮಣೆಯನ್ನು ನೋಡಿದಳು. ಇಡಗುಂದಿಯ ಮನೆಯಿಂದ ತಂದದ್ದು. ತಾನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಂದು ಕೂತದ್ದು ಅದೇ ಮಣೆ. ಅವಳು ಹೆಗಲ ಸೆರಗನ್ನು ಎಳೆದು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು.

ಹೊರಗೆ ಪಾರ್ವತವ್ವ ರುಮಾಲು ಬಿಡಿಸುತ್ತಿದ್ದಳು. ಕಿಶೋರ ತಲೆ ಬಗ್ಗಿಸಿ ನಿಂತಿದ್ದ. ಮಮತಾ ನೇರ ಹೋಗಿ ಇಬ್ಬರ ನಡುವೆ ನಿಂತಳು.

“ಅಜ್ಜೀ, ಎಂ. ಆರ್. ನಾಯ್ಕ ನಾನು.”

ವಾಲಗದವನು ಊದುವುದನ್ನು ನಿಲ್ಲಿಸಿದ. ಪಾರ್ವತವ್ವ ಅವಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು.

“ನೀನು ಹುಡುಗಿಗೆ ಏನಾಗಬೇಕವಾ?”

“ಹುಟ್ಟಿನ ಲೆಕ್ಕದಲ್ಲಿ ಚಿಕ್ಕಿ. ಕೆಲಸದ ಲೆಕ್ಕದಲ್ಲಿ ಮಾವ.”

ಗಂಡಿನ ಕಡೆಯ ಹಿರಿಯರೊಬ್ಬರು ಎದ್ದರು. “ಇದೇನ್ರಿ ಹೊಸಾದು? ಹೆಣಮಗಳು ಹೆಂಗ ಸೋದರಮಾವ ಆಗ್ತಾಳ?”

“ನೀ ಕುಂದ್ರೋ,” ಎಂದಳು ಪಾರ್ವತವ್ವ. ಅವರು ಕೂತರು. ಅವಳು ಕಿಶೋರನ ಕಡೆ ತಿರುಗಿದಳು. “ತಮ್ಮಾ, ಹುಡುಗಿಗೆ ಕಿವಿ ಚುಚ್ಚಿಸಿದಾಗ ಯಾರ ತೊಡಿ ಮ್ಯಾಲ ಕುಂತಿದ್ಲು?”

“ಅವತ್ತು ಬಸ್ಸು ಕೆಟ್ಟಿತ್ತು ಅಜ್ಜಿ, ಮುಂಡಗೋಡದ ಹತ್ರ...”

“ಸಾಲಿಗೆ ಮೊದಲನೇ ದಿನ ಕರಕೊಂಡ ಹೋದಾವರು?”

“ಆಗ ನಂದು ಅಂಗಡಿ ಓಪನಿಂಗು.”

“ದೊಡ್ಡಾಕಿ ಆದಾಗ ಸೀರಿ?”

ಕಿಶೋರ ಗಂಟಲು ಸರಿಮಾಡಿಕೊಂಡ. “ಫೋನ್ ಮಾಡಿದ್ದೆ.”

ಕಲ್ಯಾಣಮಂಟಪ ಗೊಳ್ಳೆಂದಿತು. ಕಿಶೋರನೂ ನಕ್ಕುಬಿಟ್ಟ. ಅಜ್ಜಿಯ ಕೈಯಲ್ಲಿದ್ದ ರುಮಾಲನ್ನು ತಾನೇ ತೆಗೆದು ತಟ್ಟೆಯಲ್ಲಿಟ್ಟ. “ಸಾಕು ಮಾಡಿ ಅಜ್ಜಿ. ಇನ್ನೊಂದು ಪ್ರಶ್ನೆ ಕೇಳಿದ್ರೂ ನಾನು ಫೇಲೇ. ಇದು ಮಮತಾಂದೇ.”

ಮಂಟಪದಿಂದ ಭಟ್ಟರು ಇಣುಕಿದರು. ಗಡಿಬಿಡಿಯಾದಾಗ ಮಾತ್ರ ಅವರ ಮನೆಮಾತು ಹೊರಗೆ ಬರುತ್ತಿತ್ತು. ಅದರಲ್ಲಿ ಮದುಮಗಳೂ ‘ಕೂಸು’. “ಸೋದರಮಾವ ಯಾರಾದ್ರೂ ಅಡ್ಡಿಲ್ಲೆ, ಕೂಸು ಬೇಗ ಬರವು! ಇನ್ನು ಇಪ್ಪತ್ತೇ ನಿಮಿಷ ಇದ್ದು!”

ಆದರೆ ಪಾರ್ವತವ್ವನ ಪರೀಕ್ಷೆ ಮುಗಿದಿರಲಿಲ್ಲ. ಅವಳು ಮಮತಾಳ ರಟ್ಟೆ ಹಿಡಿದು, ಸಂತೆಯಲ್ಲಿ ಬದನೆಕಾಯಿ ಒತ್ತುವಂತೆ ಒತ್ತಿ ನೋಡಿದಳು.

“ಕೇಳವಾ. ನನ್ನ ಸೋದರಮಾವಗ ಇಷ್ಟುದ್ದ ಮೀಸಿ. ಊರಿಗೇ ಪೈಲ್ವಾನ ಅಂತಿದ್ರು. ನನ್ನ ಮದಿವ್ಯಾಗ ನನ್ನ ಎತ್ತಿದಾಂವ ಮೂರನೇ ಹೆಜ್ಜಿಗೆ ದಪ್ಪಂತ ಕೆಡವಿದ. ಅರವತ್ತಮೂರು ವರ್ಷ ಆತು, ಮಳಿಗಾಲಕ್ಕ ಇನ್ನೂ ಸೊಂಟ ನೋಯ್ತೈತಿ. ಅವತ್ತಿಂದ ನಾ ಮೀಸಿ ನಂಬೂದ ಬಿಟ್ಟೀನಿ. ನೀ ಹೆಣ್ಣು ಅನ್ನೂದರ ಮ್ಯಾಲ ನನಗ ಅನುಮಾನಿಲ್ಲ. ಈ ರಟ್ಟಿ ಮ್ಯಾಲ ಐತಿ. ನಮ್ಮ ಮನಿ ಸೊಸಿನ್ನ ಕೆಡವಬಾರದು. ಮೊದಲ ನನ್ನ ಎತ್ತು.”

“ಅಜ್ಜೀ?”

“ಎತ್ತು ಅಂದೆ. ನಾನೂ ಒಂದ ಮೂಟಿ ಅದೀನಿ. ಆ ಮಂಟಪದ ಮುಂದಿನ ಸಾಲಿಗೆ ಒಯ್ದು ಕುಂದರಸು. ಹೆಂಗೂ ನನಗ ನಡಿಯಾಕ ಬರೂದಿಲ್ಲ.”

ಮಮತಾ ಚಪ್ಪಲಿ ಬಿಟ್ಟಳು. ಮೊಣಕಾಲು ಬಾಗಿಸಿದಳು, ಬೆನ್ನು ಬಾಗಿಸಲಿಲ್ಲ. ಒಂದು ಕೈ ಮುದುಕಿಯ ಮೊಣಕಾಲಡಿ, ಇನ್ನೊಂದು ಬೆನ್ನ ಹಿಂದೆ. ‘ಹ್ಞೂಂ’ ಎಂಬ ಒಂದು ಸಣ್ಣ ಸದ್ದು. ಪಾರ್ವತವ್ವ ಕುಂಕುಮ, ಕಾಸಿನ ಸರ, ದೊಡ್ಡಸ್ತಿಕೆ ಸಮೇತ ಗಾಳಿಗೇರಿದಳು. ಕುರ್ಚಿಗಳ ಸಾಲು ಎರಡಾಗಿ ದಾರಿ ಬಿಟ್ಟಿತು. ಮೂರನೆಯ ಹೆಜ್ಜೆಗೆ ಮುದುಕಿ ಕಣ್ಣು ಬಿಗಿ ಮುಚ್ಚಿದಳು, ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಒಂದು ಕಣ್ಣು ತೆರೆದಳು. ಹತ್ತನೆಯದಕ್ಕೆ ಎರಡೂ ತೆರೆದು, ತನ್ನನ್ನು ಕೆಳಗಿನಿಂದ ನೋಡುತ್ತಿದ್ದ ಬೀಗರಿಗೆಲ್ಲ ಮೇಲಿನಿಂದ ಕೈ ಮುಗಿಯುತ್ತ ಹೋದಳು. ಮುಂದಿನ ಸಾಲು ಬಂದು ಮಮತಾ ಇಳಿಸಲು ಬಾಗಿದಾಗ ಮುದುಕಿ ಅವಳ ಕೊರಳು ಬಿಡಲಿಲ್ಲ.

“ಅವಸರ ಏನೈತಿ? ಇನ್ನೊಂದ ಸುತ್ತ ಹಾಕಿದ್ರ ಆಗತಿತ್ತು.”

ಕೂತ ಮೇಲೆ ತಟ್ಟೆ ತರಿಸಿ, ಗುಲಾಬಿ ರುಮಾಲನ್ನು ಮಮತಾಳ ಮಲ್ಲಿಗೆ ದಂಡೆಯ ಮೇಲೆಯೇ ಸುತ್ತಿದಳು. ಶಲ್ಯವನ್ನು ಹೆಗಲಿಗೆ ಹಾಕಿದಳು. ಪಂಚೆಯನ್ನು ಕೈಗಿಟ್ಟು, “ಇದನ್ನ ಏನರ ಮಾಡ್ಕೊ,” ಎಂದಳು. ಮಮತಾ ಅದನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. ಲೋಡು ಎತ್ತುವ ದಿನ ಟವಲು ಕಟ್ಟುವ ಹಾಗೆಯೇ.

ವಾಲಗ ಮತ್ತೆ ಶುರುವಾಯಿತು. ಒಳಕೋಣೆಯ ಬಾಗಿಲಲ್ಲಿ ರುಮಾಲು ಕಂಡ ಅನುಶ್ರೀ ಮಣೆಯ ಮೇಲಿಂದಲೇ ಎರಡೂ ಕೈ ಚಾಚಿದಳು, ಹನ್ನೊಂದು ತಿಂಗಳಿನವಳ ಹಾಗೆ. ಮಮತಾ ಎತ್ತಿಕೊಂಡಳು. ಮೂರು ಕ್ರೇಟು. ಒಂದು ತಿಂಗಳಿನ ಅಭ್ಯಾಸ ತೋಳಿಗೆ ಗೊತ್ತಿತ್ತು; ಕಣ್ಣಿಗೆ ಮಾತ್ರ ಯಾರೂ ಅಭ್ಯಾಸ ಮಾಡಿಸಿರಲಿಲ್ಲ.

“ಮಾವ, ಅಳ್ತಿದ್ಯಾ?” ಅನುಶ್ರೀ ಕಿವಿಯಲ್ಲಿ ಕೇಳಿದಳು.

“ಬೆವರು. ಸುಮ್ನೆ ಕೂರು. ಕಡ್ಡಿಯಂತ ಹುಡುಗಿ ಹಾನಗಲ್ಲಿಗೆ ಹೋಗಿ ರೊಟ್ಟಿ ತಿಂದು ಎಷ್ಟಾಗಿದ್ದೀಯೆ!”

“ಅರವತ್ತೊಂದೇ.”

“ಸುಳ್ಳು. ಅರವತ್ತನಾಲ್ಕು. ಈ ಕೈಗೆ ಗೊತ್ತಾಗ್ತದೆ.”

ಮೂವತ್ತೆರಡು ಹೆಜ್ಜೆ. ಯಾವುದೂ ತಪ್ಪಲಿಲ್ಲ. ಅಡುಗೆಮನೆಯವರು ಸೌಟು ಹಿಡಿದುಕೊಂಡೇ ಬಂದು ನಿಂತು ನೋಡಿದರು. ತಕರಾರು ತೆಗೆದಿದ್ದ ಹಿರಿಯರೇ ಎದ್ದು, ದಾರಿಗೆ ಅಡ್ಡವಿದ್ದ ಕುರ್ಚಿ ಸರಿಸಿದರು. ಬನವಾಸಿಯಿಂದ ಬಂದಿದ್ದ ದುರ್ಗಿ, ಕೆರಿಯನ ಬೆನ್ನಿಗೆ ಗುದ್ದಿ ಕೂಗಿದಳು: “ನೋಡಾ, ಮೂರು ಕ್ರೇಟಂದ್ರೆ ಯಾರು ಅಂತ ಈಗ ಗೊತ್ತಾತನಾ!” ಬೈರ ಕಂಬದ ಹಿಂದೆ ನಿಂತು, ಹೆಗಲ ವಸ್ತ್ರದಿಂದ ಮೂಗು ಒರೆಸುತ್ತ, ಪಕ್ಕದವರಿಗೆಲ್ಲ, “ಎಂ. ಆರ್. ನಾಯ್ಕ ಅಂದ್ರೆ ಮಮತಾ ರಾಮ ನಾಯ್ಕ, ನಮ್ಮ ಮಗಳ ಸೋದರಮಾವ,” ಎಂದು ವಿಸ್ತರಿಸಿ ಹೇಳುತ್ತಿದ್ದ. ಈಗ ಅವನಿಗೆ ಜಾಗ ಬೇಕಾದಷ್ಟಿತ್ತು.

ಧಾರೆಯಾಯಿತು, ತಾಳಿಯಾಯಿತು. ಹಿರಿಯರಿಗೆ ನಮಸ್ಕರಿಸುವ ಹೊತ್ತಿಗೆ ಭಟ್ಟರು, “ಮೊದಲು ಸೋದರಮಾವನಿಗೆ,” ಎಂದರು. ಹೊಸ ಗಂಡ ಹೆಂಡತಿ ಇಬ್ಬರೂ ಮಮತಾಳ ಕಾಲಿಗೆ ಬಗ್ಗಿದರು.

“ಮಾವಾರ, ಆಶೀರ್ವಾದ ಮಾಡ್ರಿ,” ಎಂದ ಕಿರಣ.

ಮಮತಾ ಬಾಯಿ ತೆರೆದಳು. ಸೋದರಮಾವಂದಿರು ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೆಂದು ಅವಳು ಯಾರನ್ನೂ ಕೇಳಿಟ್ಟುಕೊಂಡಿರಲಿಲ್ಲ. ಗಾಡಿಯಿಂದ ಹಣ್ಣು ಇಳಿಸಿ ಅಂಗಡಿಯವರ ಕೈಗೆ ಒಪ್ಪಿಸುವಾಗ ಇಪ್ಪತ್ತೇಳು ವರ್ಷಗಳಿಂದ ಹೇಳುತ್ತ ಬಂದದ್ದೇ ಬಾಯಿಗೆ ಬಂತು.

“ಹಗೂರ ಹಿಡೀರಿ. ಅದುಮ್ಬೇಡಿ. ಮೇಲೆ ಭಾರ ಹೇರ್ಬೇಡಿ. ಒಳ್ಳೆ ಮಾಲು, ಜೋಪಾನ.”

“ಬರಕೋಳೋ ಕಿರಣ,” ಎಂದಳು ಮುಂದಿನ ಸಾಲಿನಿಂದ ಪಾರ್ವತವ್ವ. ಆಮೇಲೆ ಊಟದ ಹಾಲಿನತ್ತ ನೋಡಿ, ಎರಡೂ ಕೈ ಮೇಲೆತ್ತಿ ಕಾದಳು. “ಬರ್ರಿ ಸೋದರಮಾವಾರ, ಪಂಕ್ತಿ ಕುಂತೈತಿ. ನನ್ನ ಎತ್ತರಿ.”